ಗಿಲ್ಬೇರ್ ಅವರ ಎರಡನೇ ಇನಿಂಗ್ಸ್

ಪ್ಯಾರಿಸ್ಸಿನ ಗಾಯಕಿ ಈವೆಟ್ ಗಿಲ್ಬೇರ್ ಅವರ ಬಗ್ಗೆ ಬರೆದವರಲ್ಲಿ ಹೆಚ್ಚಿನವರ ಲೇಖನಿ 1900ನೇ ಇಸವಿಯ ಹತ್ತಿರ ಬಂದು ನಿಂತುಬಿಡುತ್ತದೆ. ಅಲ್ಲಿಯವರೆಗಿನ ಕತೆಗೆ ಬಣ್ಣ ಹೆಚ್ಚು. 1865ರಲ್ಲಿ ಹುಟ್ಟಿದ ಬಡ ಮನೆಯ ಹುಡುಗಿ ಹೊಲಿಗೆ ಮಾಡಿ, ಅಂಗಡಿಯಲ್ಲಿ ದುಡಿದು, ನಾಟಕಗಳಲ್ಲಿ ಸಣ್ಣಪುಟ್ಟ ಪಾತ್ರ ಹಾಕಿ, ಕೊನೆಗೆ ಹಾಡಿನ ಅಡ್ಡೆಗಳಿಗೆ ಬಂದು ಎರಡು ಮೂರು ವರ್ಷಗಳಲ್ಲಿ ಊರಿಗೆ ಊರೇ ಹೆಸರು ಹೇಳುವಂತಾದಳು. ಕೆಂಗೂದಲು, ಹಸಿರು ಗೌನು, ಮೊಳಕೈ ದಾಟಿ ಮೇಲೇರಿದ ಕಪ್ಪು ಕೈಗವಸು, ಅದನ್ನೆಲ್ಲ ಗೆರೆಗಿಳಿಸಿದ ಚಿತ್ರಕಾರ ತುಲೂಸ್ ಲೊತ್ರೆಕ್: ಇಷ್ಟಿದ್ದರೆ ಬರೆಯುವವರಿಗೆ ಇನ್ನೇನು ಬೇಕು. ಶತಮಾನ ಮಗುಚುವ ಹೊತ್ತಿಗೆ ಮೂತ್ರಪಿಂಡದ ಕಾಯಿಲೆ ಅಂಟಿಕೊಂಡು, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳಾಗಿ, ಹಳೆಯ ಅಡ್ಡೆಗಳಿಗೆ ಆಕೆ ಬೆನ್ನು ಹಾಕಿದರು. ಆಮೇಲಿನ ನಾಲ್ಕು ದಶಕಗಳನ್ನು ಒಂದೇ ಪ್ಯಾರಾದಲ್ಲಿ ಮುಗಿಸುವುದು ವಾಡಿಕೆ: ಮಧ್ಯಯುಗದಿಂದ ಹಿಡಿದು ತನ್ನ ಅಜ್ಜಿಯರ ಕಾಲದವರೆಗಿನ ಹಳೆಯ ಫ್ರೆಂಚ್ ಹಾಡುಗಳನ್ನು ಹುಡುಕಿ ಹಾಡಿದರು, ಅಮೆರಿಕಕ್ಕೆ ಹೋದರು, ಶಾಲೆ ತೆರೆದರು, ಪುಸ್ತಕ ಬರೆದರು, ತೀರಿಕೊಂಡರು. ಪೋಲಿ ಹಾಡು ಹಾಡಿ ಗೆದ್ದವಳು ವಯಸ್ಸಾದ ಮೇಲೆ ಮರ್ಯಾದಸ್ಥಳಾದಳು ಎಂಬ ಧಾಟಿ. ಈ ಲೆಕ್ಕ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಫ್ರಾನ್ಸಿನ ಹಾಡುಗಳಲ್ಲಿ ಕೆಲವನ್ನು 'ಕ್ಲಾಸಿಕ್' ಎಂದು ಕರೆದು, ಒಬ್ಬರ ನಂತರ ಒಬ್ಬರು ಹಾಡುವ ಪದ್ಧತಿ ಇವತ್ತು ಇದೆಯಲ್ಲ, ಅದಕ್ಕೆ ಅಚ್ಚು ಹಾಕಿಕೊಟ್ಟವರಲ್ಲಿ ಗಿಲ್ಬೇರ್ ಮೊದಲ ಸಾಲಿನವರು. ಅದನ್ನು ಅವರು ಮಾಡಿದ್ದು ಈ ಎರಡನೇ ಇನಿಂಗ್ಸಿನಲ್ಲಿ, ಮೊದಲನೆಯದರಲ್ಲಿ ಕಲಿತ ಕಸುಬಿನಿಂದಲೇ.

ಆ ಕಸುಬು ಎಂಥದ್ದು ಎಂದು ತಿಳಿಯಬೇಕಾದರೆ ಕೆಫೆ-ಕಾನ್ಸರ್ಟ್ ಎಂಬ ವ್ಯಾಪಾರವನ್ನು ಹತ್ತಿರದಿಂದ ನೋಡಬೇಕು. ಹೆಸರೇ ಹೇಳುವಂತೆ ಅದು ಅರ್ಧ ಹೋಟೆಲು, ಅರ್ಧ ಕಚೇರಿ. ಜನ ಕುಡಿಯುತ್ತ, ಹೊಗೆ ಬಿಡುತ್ತ, ಟೋಪಿ ತೆಗೆಯದೆ, ಬೇಕೆಂದಾಗ ಎದ್ದು ಓಡಾಡುತ್ತ ಹಾಡು ಕೇಳುತ್ತಿದ್ದರು. ನಾಟಕಶಾಲೆಗಳವರಿಗೆ ಇದು ಕಣ್ಣುಕಿಸುರು. ವೇಷ ಕಟ್ಟಿ ಹಾಡಲು, ರಂಗದ ಮೇಲೆ ಮಾತಾಡಲು ಈ ಕೆಫೆಗಳಿಗೆ ಅನುಮತಿ ಸಿಕ್ಕಿದ್ದೇ 1867ರಲ್ಲಿ. ಸರ್ಕಾರಕ್ಕೂ ಅಪನಂಬಿಕೆ, 1906ರವರೆಗೂ ಪ್ರತಿ ಹಾಡಿನ ಸಾಹಿತ್ಯ ಸೆನ್ಸಾರ್ ಕಚೇರಿಗೆ ಹೋಗಿ ಮೊಹರು ಒತ್ತಿಸಿಕೊಂಡು ಬರಬೇಕಿತ್ತು. ಇಂಥ ಕಡೆ ಗಾಯಕರು ತಮ್ಮ ಹಾಡನ್ನು ತಾವೇ ಹುಡುಕಿಕೊಳ್ಳಬೇಕು. ಗಿಲ್ಬೇರ್ ತಮ್ಮ ಆತ್ಮಕತೆಯಲ್ಲಿ ಹೇಳಿಕೊಂಡಂತೆ, ಸೇನ್ ನದಿಯ ದಂಡೆಯ ಹಳೇ ಪುಸ್ತಕದ ಪೆಟ್ಟಿಗೆಯೊಂದರಲ್ಲಿ ಅವರ ಕೈಗೆ ಕ್ಸಾನ್ರೋಫ್ ಎಂಬಾತನ ಹಾಡಿನ ಪುಸ್ತಕ ಸಿಕ್ಕಿತು. ಕ್ಸಾನ್ರೋಫ್ ವೃತ್ತಿಯಲ್ಲಿ ವಕೀಲರು, ಫೂರ್ನೋ ಎಂಬುದು ಮನೆತನದ ಹೆಸರು. ಒಲೆ ಎಂಬ ಅರ್ಥದ ಆ ಹೆಸರನ್ನು ಲ್ಯಾಟಿನ್ನಿಗೆ ತಿರುಗಿಸಿ, ಹಿಂದುಮುಂದು ಮಾಡಿ ಇಟ್ಟುಕೊಂಡ ಕಾವ್ಯನಾಮ ಅದು. ಕೋರ್ಟಿನಲ್ಲಿ ಗುರುತು ಸಿಕ್ಕದಿರಲಿ ಎಂಬ ಉಪಾಯವಿರಬೇಕು. ಮೊಂಮಾರ್ತ್ ಗುಡ್ಡದ 'ಶಾ ನ್ವಾರ್' ತರಹದ ಕ್ಯಾಬರೆಗಳಲ್ಲಿ ಕವಿಗಳು, ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಹಾಡಿಕೊಳ್ಳುತ್ತಿದ್ದ ಇಂಥ ಚೂಪು ಹಾಡುಗಳನ್ನು ಗುಮಾಸ್ತರು, ಅಂಗಡಿಯವರು ಕೂರುವ ಕೆಫೆಗಳಿಗೆ ಇಳಿಸಿದ್ದು ಗಿಲ್ಬೇರ್ ಮಾಡಿದ ಮೊದಲ ಸಾಗಾಟ. ಕಟ್ಟಿದವರಿಂದ ಕೇಳುವವರಿಗೆ, ಒಂದು ಜಗಲಿಯಿಂದ ಇನ್ನೊಂದು ಜಗಲಿಗೆ ಹಾಡನ್ನು ದಾಟಿಸುವ ಈ ಕೆಲಸವೇ ಮುಂದೆ ಶತಮಾನಗಳ ಅಳತೆಯಲ್ಲಿ ನಡೆಯಿತು.

ಮಾರ್ತಿರ್ ಬೀದಿಯ 'ದಿವಾನ್ ಜಾಪೊನೇ' ಎಂಬ ಇಕ್ಕಟ್ಟಾದ ಕೆಫೆಯಲ್ಲಿ 1891ರ ಹೊತ್ತಿಗೆ ಅವರ ಹೆಸರು ಬಿಚ್ಚಿಕೊಂಡಿತು. ವೇದಿಕೆ ಎಷ್ಟು ತಗ್ಗು ಚಾವಣಿಯದೆಂದರೆ ಎತ್ತರದ ಈ ಹೆಂಗಸು ಕೈ ಎತ್ತುವಂತಿರಲಿಲ್ಲ. ಮಿಕ್ಕ ಗಾಯಕಿಯರು ಸೊಂಟ ತಿರುಗಿಸಿ, ಕಾಲು ಕುಣಿಸಿ, ಪಲ್ಲವಿಯನ್ನು ಜನರ ಬಾಯಲ್ಲಿ ಹೇಳಿಸುತ್ತಿದ್ದ ಕಾಲದಲ್ಲಿ ಗಿಲ್ಬೇರ್ ಕಂಬದಂತೆ ನಿಂತು, ಕೈ ಇಳಿಬಿಟ್ಟು, ಮುಖ ಮತ್ತು ಮಾತು ಇವೆರಡರಿಂದಲೇ ಹಾಡಿದರು. ಕಂಠ ದೊಡ್ಡದಲ್ಲ, ಸಿರಿವಂತವೂ ಅಲ್ಲ. ನಮ್ಮ ಗಮಕಿಗಳಲ್ಲಿ ರಾಗ ಹೇಗೆ ಕಾವ್ಯದ ಮಾತಿಗೆ ಮಣೆ ಹಾಕಿಕೊಟ್ಟು ತಾನು ಪಕ್ಕಕ್ಕೆ ಸರಿಯುತ್ತದೋ ಹಾಗೆ ಇಲ್ಲೂ ಮಟ್ಟು ಹಿಂದೆ, ಮಾತು ಮುಂದೆ. ಕ್ಸಾನ್ರೋಫ್ ಬರೆದ, ಕನ್ನೆಯರನ್ನು ಕುರಿತ ಒಂದು ಹಾಡಿನಲ್ಲಿ ಸೆನ್ಸಾರ್ ಅಧಿಕಾರಿಗಳು ಕೆಲವು ಸಾಲುಗಳನ್ನು ಹೊಡೆದುಹಾಕಿದಾಗ ಆ ಜಾಗದಲ್ಲೆಲ್ಲ ಆಕೆ ಸಣ್ಣಗೆ ಕೆಮ್ಮಿದರು. ಪದ ಇದ್ದಿದ್ದರೆ ಬರುತ್ತಿದ್ದ ನಗುವಿಗಿಂತ ಕೆಮ್ಮಿಗೆ ಬಂದ ನಗು ಹೆಚ್ಚು. ಕಾನೂನು ಕೆಮ್ಮಿಗೆ ಮೊಹರು ಕೇಳಲಾರದು. ಹಾಡುವವಳು ಸಾಹಿತ್ಯಕ್ಕೆ ಏನು ಕೂಡಿಸಬಲ್ಲಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬರೆದವನ ಸಾಲು ಅಲ್ಲಿ ಇಲ್ಲವೇ ಇಲ್ಲ, ಆದರೂ ಸಭೆಗೆ ಪೂರ್ತಿ ಅರ್ಥವಾಗಿದೆ. 1894ರಲ್ಲಿ ಲಂಡನ್ನಿಗೆ ಹೋದಾಗ, ಆಗ ಸಂಗೀತ ವಿಮರ್ಶಕರಾಗಿದ್ದ ಬರ್ನಾರ್ಡ್ ಶಾ ಈಕೆಯನ್ನು ಗಂಭೀರ ಕಲಾವಿದೆಯೆಂದೇ ಎಣಿಸಿ ಬರೆದರು. ಅದೇ ವರ್ಷ ಲೊತ್ರೆಕ್ ಅವರ ಹದಿನಾರು ಕಲ್ಲಚ್ಚು ಚಿತ್ರಗಳ ಆಲ್ಬಂ ನೂರೇ ಪ್ರತಿಗಳಲ್ಲಿ ಹೊರಬಂತು. ಪ್ರತಿಯೊಂದಕ್ಕೂ ಗಿಲ್ಬೇರ್ ರುಜು ಹಾಕಿದರು. ಅದಕ್ಕೆ ಮೊದಲು, ತನ್ನನ್ನು ಇಷ್ಟು ಕುರೂಪಿಯಾಗಿ ಬರೆಯಬೇಡಿ ಎಂದು ಚಿತ್ರಕಾರನಿಗೆ ಕಾಗದ ಬರೆದು ಬೇಡಿಕೊಂಡಿದ್ದೂ ಉಂಟು.

ಇನ್ನು ಹಳೆಯ ಹಾಡುಗಳ ಕಡೆಗೆ. ಗಿಲ್ಬೇರ್ ಅವನ್ನು ಕೈಗೆತ್ತಿಕೊಳ್ಳುವ ಮೊದಲು ಅವು ಕಳೆದೇಹೋಗಿದ್ದವು, ಈಕೆ ಹುಡುಕಿ ಉಳಿಸಿದರು ಎಂದು ಅಭಿಮಾನಿಗಳು ಬರೆಯುವುದುಂಟು. ಅದು ನಿಜವಲ್ಲ. ಕವಿ ಜೆರಾರ್ ದ ನೆರ್ವಾಲ್ 1842ರಲ್ಲೇ ತಮ್ಮ ಬಾಲ್ಯದ ವಲ್ವಾ ಸೀಮೆಯ ಹಾಡುಗಳ ಬಗ್ಗೆ ಬರೆದಿದ್ದರು. 1852ರಲ್ಲಿ ಲೂಯಿ ನೆಪೋಲಿಯನ್ ಸರ್ಕಾರ ಇಡೀ ದೇಶದ ಜನಪದ ಗೀತೆಗಳನ್ನು ಸಂಗ್ರಹಿಸಲು ಆಜ್ಞೆ ಹೊರಡಿಸಿತು. ಶಾಲಾ ಮಾಸ್ತರರಿಂದ, ಊರಿನ ವಿದ್ವಾಂಸರಿಂದ ಕಂತೆಗಟ್ಟಲೆ ಹಾಡು ರಾಜಧಾನಿಗೆ ಬಂತು; ಅಂದುಕೊಂಡ ಮಹಾಸಂಪುಟ ಮಾತ್ರ ಅಚ್ಚಾಗಲಿಲ್ಲ, ಹಸ್ತಪ್ರತಿಗಳು ರಾಷ್ಟ್ರೀಯ ಗ್ರಂಥಾಲಯದ ಕಪಾಟು ಸೇರಿದವು. ಸರ್ಕಾರಿ ಯೋಜನೆಗಳ ಹಣೆಬರಹ ಎಲ್ಲ ಕಡೆಯೂ ಒಂದೇ. 1889ರಲ್ಲಿ ಜೂಲಿಯನ್ ತಿಯೆರ್ಸೋ ಫ್ರಾನ್ಸಿನ ಜನಪದ ಗೀತೆಯ ಚರಿತ್ರೆಯನ್ನೇ ಬರೆದರು. ಪ್ಯಾರಿಸ್ ಕನ್ಸರ್ವೆಟರಿಯ ಗ್ರಂಥಪಾಲಕರಾಗಿದ್ದ ವೆಕೆರ್ಲಿನ್ 18ನೇ ಶತಮಾನದ ಕುರುಬಗೀತೆಗಳಿಗೆ ಪಿಯಾನೊ ಕೂಡಿಸಿ ಮನೆಮಂದಿ ಹಾಡಿಕೊಳ್ಳುವಂತೆ ಅಚ್ಚು ಹಾಕಿಸಿದರು. ಅಂದರೆ ಹಾಡುಗಳು ಕಾಗದದ ಮೇಲೆ ಧಾರಾಳವಾಗಿದ್ದವು. ಇಲ್ಲದಿದ್ದದ್ದು ಅವುಗಳಿಂದಲೇ ಒಂದು ಸಂಜೆಯನ್ನು ತುಂಬಿಸಿ, ಟಿಕೆಟ್ ಮಾರಿ, ಪಾಂಡಿತ್ಯದ ಗಂಧವಿಲ್ಲದ ಸಭೆಯನ್ನು ಕೂರಿಸುವ ದಾರಿ. ವಿದ್ವಾಂಸರಿಗೆ ಅದು ದಾಖಲೆ, ಮನೆಯ ಹೆಣ್ಣುಮಕ್ಕಳಿಗೆ ಸಂಜೆಯ ಹೊತ್ತುಗಳೆತ. ವೃತ್ತಿಗಾಯಕಿಯೊಬ್ಬಳ ಹೊಟ್ಟೆಪಾಡಿಗೆ ಆಗುವ ಸರಕು ಅದೆಂದು ಯಾರಿಗೂ ಹೊಳೆದಿರಲಿಲ್ಲ.

ಗಿಲ್ಬೇರ್ ಈ ದಾರಿಯನ್ನು ಕಟ್ಟಿದ ಬಗೆ ಈಗ ನಮಗೆ ಎಷ್ಟು ರೂಢಿಯಾಗಿದೆ ಎಂದರೆ ಅದನ್ನು ಒಬ್ಬರು ಕಟ್ಟಬೇಕಾಯಿತು ಎಂಬುದೇ ಮರೆತುಹೋಗಿದೆ. ಹಾಡುಗಳನ್ನು ಕಾಲಕ್ಕನುಗುಣವಾಗಿ ಗುಂಪು ಮಾಡಿದರು: ಪೊಂಪಾದೂರ್ ಕಾಲದ ಹಾಡುಗಳದ್ದೊಂದು ಕಾರ್ಯಕ್ರಮ, ಅಗಲ ಲಂಗದ ಕ್ರಿನೊಲಿನ್ ಕಾಲದ್ದೊಂದು, ಮಧ್ಯಯುಗದ ಭಕ್ತಿಯ ಹಾಡುಗಳದ್ದು ಮತ್ತೊಂದು. ಆಯಾ ಕಾಲದ ಉಡುಪು ತೊಟ್ಟು ಬರುತ್ತಿದ್ದರು. ಹಾಡಿಗೆ ಮೊದಲು ಅದು ಎಲ್ಲಿಯದು, ಯಾರು ಹಾಡುತ್ತಿದ್ದರು ಎಂದು ನಾಲ್ಕು ಮಾತು. ಹಳೆಯ ಮಟ್ಟುಗಳಿಗೆ ಪಿಯಾನೊ ಕೂಡಿಸಿದವರಲ್ಲಿ ಮುಖ್ಯರು ಗುಸ್ತಾವ್ ಫೆರಾರಿ. 1906ರಲ್ಲಿ ಲಂಡನ್ನಿನ ಬೀದಿ ವ್ಯಾಪಾರಿಗಳ ಹಾಡುಗಳಿಗೆ ಹೆಸರಾಗಿದ್ದ ಆಲ್ಬರ್ಟ್ ಷೆವಲಿಯರ್ ಜೊತೆ ಸೇರಿ ಅಮೆರಿಕದ ಊರೂರು ತಿರುಗಿದರು. ಈ ಹೊಸ ಸಂಗ್ರಹದಲ್ಲಿದ್ದ ಸಂತ ನಿಕೊಲಾಸನ ಹಾಡನ್ನು ಒಮ್ಮೆ ಬಿಡಿಸಿ ನೋಡಬಹುದು. ಮೂವರು ಮಕ್ಕಳು ರಾತ್ರಿ ದಾರಿ ತಪ್ಪಿ ಕಟುಕನ ಮನೆ ಬಾಗಿಲು ತಟ್ಟುತ್ತಾರೆ. ಆತ ಒಳಗೆ ಕರೆದು, ಕೊಂದು, ತುಂಡು ಮಾಡಿ, ಹಂದಿ ಮಾಂಸದಂತೆ ಉಪ್ಪಿನ ತೊಟ್ಟಿಯಲ್ಲಿ ಹಾಕಿಡುತ್ತಾನೆ. ಏಳು ವರ್ಷದ ಮೇಲೆ ಅತಿಥಿಯಾಗಿ ಬಂದ ಸಂತ ಊಟಕ್ಕೆ ಆ ತೊಟ್ಟಿಯದ್ದನ್ನೇ ಬಡಿಸೆಂದು ಕೇಳುತ್ತಾನೆ. ಕಟುಕ ಓಡುತ್ತಾನೆ, ಮಕ್ಕಳು ನಿದ್ದೆಯಿಂದೆದ್ದವರ ಹಾಗೆ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಮಟ್ಟು ಮೊದಲಿಂದ ಕೊನೆಯವರೆಗೆ ಒಂದೇ. ಕತೆಗಾರ, ಕಟುಕ, ಸಂತ, ಮೂರು ಮಕ್ಕಳು, ಇಷ್ಟೂ ಜನರನ್ನು ಅದೇ ಮಟ್ಟಿನೊಳಗೆ ಬೇರೆ ಬೇರೆ ಮಾಡಿ ತೋರಿಸುವ ಹೊಣೆ ಹಾಡುವವರದ್ದು. ಇದನ್ನು ಕ್ಸಾನ್ರೋಫರ 'ಲ ಫಿಯಾಕ್ರ್' ಪಕ್ಕದಲ್ಲಿಡಿ: ಕುದುರೆಗಾಡಿ ತೂಗಾಡುತ್ತ ಸಾಗುತ್ತದೆ, ಪರದೆಯ ಹಿಂದೆ ಪ್ರಣಯಿಗಳು, ಬೀದಿಯಲ್ಲಿ ಹೆಂಡತಿಯ ಧ್ವನಿ ಗುರುತಿಸಿದ ಮುದಿ ಗಂಡ, ಆತ ಜಾರಿ ಚಕ್ರಕ್ಕೆ ಸಿಕ್ಕುತ್ತಾನೆ, ಗಾಡಿಯ ತಾಳ ಮಾತ್ರ ತಪ್ಪುವುದಿಲ್ಲ. ಇಲ್ಲೂ ಮಟ್ಟು ಒಂದೇ, ಪಾತ್ರ ಹಲವು, ನಡುವೆ ಒಂದು ಸಾವು, ಅದನ್ನು ಹೇಳುವ ದನಿಯಲ್ಲಿ ಎಳ್ಳಷ್ಟೂ ಕನಿಕರವಿಲ್ಲ. ಒಂದು ಮಕ್ಕಳ ಭಕ್ತಿಗೀತೆ, ಇನ್ನೊಂದು ಪೋಲಿ ಹಾಡು. ಹಾಡುವವಳ ಕೆಲಸ ಎರಡರಲ್ಲೂ ಒಂದೇ. ಎರಡು ಬೇರೆ ಬಾಳುಗಳೆಂದು ಕತ್ತರಿಸುವವರು ಹಾಡಿನ ವಿಷಯ ನೋಡಿದ್ದಾರೆ, ಕಟ್ಟುಪಾಡನ್ನು ನೋಡಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ವಿದ್ವಾಂಸರದ್ದು, ಅದರಲ್ಲಿ ಹುರುಳಿದೆ. 13ನೇ ಶತಮಾನದ ಹಾಡಿಗೆ 20ನೇ ಶತಮಾನದ ಪಿಯಾನೊ ಎಲ್ಲಿಂದ ಬಂತು? ಉಡುಪು ನಾಟಕ ಕಂಪನಿಯದ್ದು, ಸಾಲುಗಳನ್ನು ಬೇಕೆಂದಂತೆ ಕತ್ತರಿಸಿದ್ದುಂಟು, ಒಂದೂರಿನ ಪಾಠಕ್ಕೆ ಇನ್ನೊಂದೂರಿನ ಚರಣ ಜೋಡಿಸಿದ್ದುಂಟು. ಆಧಾರಶುದ್ಧಿ ಎಂಬ ಅಳತೆಗೋಲಿನಿಂದ ಅಳೆದರೆ ಗಿಲ್ಬೇರ್ ನಪಾಸು. ಹಳೆಯ ಹಾಡೊಂದು ಹೇಗಿತ್ತು ಎಂದು ತಿಳಿಯಬೇಕಾದವರು ತಿಯೆರ್ಸೋ ಬಳಿಗೇ ಹೋಗಬೇಕು. ಆದರೆ ಹಾಡೊಂದು ಕ್ಲಾಸಿಕ್ ಆಗುವುದು ಹೇಗೆ ಎಂಬ ಪ್ರಶ್ನೆಗೆ ಆಧಾರಶುದ್ಧಿ ಉತ್ತರವಾಗದು. 'ಮದಾಂ ಆರ್ತುರ್' ಹಾಡನ್ನೇ ತೆಗೆದುಕೊಳ್ಳಿ. ಸಾಹಿತ್ಯ ಗಿಲ್ಬೇರ್ ಅವರಿಗಿಂತ ಎರಡು ತಲೆಮಾರು ಹಿಂದಿನ ಕಾದಂಬರಿಕಾರ ಪೋಲ್ ದ ಕಾಕ್ ಅವರದ್ದು, ಮಟ್ಟು ಗಿಲ್ಬೇರ್ ಅವರೇ ಹಾಕಿದ್ದು. ಇದು ಹಳೆಯದೋ ಹೊಸದೋ? ಜನ ಹಳೆಯದೆಂದೇ ಕೇಳಿದರು, ಹಳೆಯದಾಗಿಯೇ ಅದು ಉಳಿಯಿತು. ಇನ್ನೂ ದೊಡ್ಡ ಉದಾಹರಣೆ 'ಲ ತಾಂ ದೆ ಸರೀಜ್'. ಜಾನ್ ಬಾತಿಸ್ತ್ ಕ್ಲೆಮಾನ್ ಅದನ್ನು ಬರೆದದ್ದು 1866ರಲ್ಲಿ, ಚೆರ್ರಿ ಹಣ್ಣಿನ ಕಾಲದ ಪ್ರೇಮಗೀತೆಯಾಗಿ. ಐದು ವರ್ಷದ ಮೇಲೆ ಪ್ಯಾರಿಸ್ ಕಮ್ಯೂನ್ ಎಂಬ ಬಂಡಾಯ ಎದ್ದಿತು, ಮೇ ತಿಂಗಳಲ್ಲಿ ರಕ್ತದಲ್ಲಿ ಮುಳುಗಿತು. ಆಮೇಲೆ ಹಾಡಿದವರು ಕಮ್ಯೂನಿನ ನೆನಪಿಗೆ ಹಾಡಿದರು, ಕೇಳಿದವರೂ ಹಾಗೆಯೇ ಕೇಳಿದರು. ಒಂದಕ್ಷರ ತಿದ್ದದೆ ಹಾಡಿನ ಅರ್ಥ ಬದಲಾಯಿತು. ಬರೆದ ದಿನದ ಪಾಠವೇ ಹಾಡಿನ ಸತ್ಯ ಎನ್ನುವುದಾದರೆ ಫ್ರಾನ್ಸಿನ ಅತ್ಯಂತ ಪ್ರೀತಿಯ ಹಾಡುಗಳಲ್ಲೊಂದನ್ನು ಒಂದೂವರೆ ಶತಮಾನದಿಂದ ಎಲ್ಲರೂ ತಪ್ಪಾಗಿ ಹಾಡುತ್ತಿದ್ದಾರೆ ಎನ್ನಬೇಕಾಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಒರಟು, ಹೆಚ್ಚು ತೂಕದ್ದೂ ಹೌದು: ಹಳೆಯ ಹಾಡಿನ ಮೋಹ ಎಂಬುದು ಅನುಕೂಲಸ್ಥರ ಚಟ, ಗಿಲ್ಬೇರ್ ಬೀದಿಯನ್ನು ಬಿಟ್ಟು ದಿವಾನಖಾನೆ ಸೇರಿದರು. 1915ರಿಂದ 1922ರವರೆಗೆ ಅವರು ಹೆಚ್ಚಾಗಿ ಅಮೆರಿಕದಲ್ಲಿದ್ದರು. ಯುದ್ಧದ ಕಾಲ, ನ್ಯೂಯಾರ್ಕಿನ ಸಿರಿವಂತ ಹೆಂಗಸರಿಗೆ ಫ್ರಾನ್ಸಿನ ಮೇಲೆ ಮಮತೆ ಉಕ್ಕುತ್ತಿತ್ತು, ಫ್ರಾನ್ಸಿನ ಹಳೆಯ ಆತ್ಮ ಎಂದು ಏನನ್ನಾದರೂ ಕೊಟ್ಟರೆ ಕೊಳ್ಳುವವರಿದ್ದರು. ಆ ಗಾಳಿಯ ಲಾಭ ಅವರಿಗೆ ಸಿಕ್ಕಿತು, ಇದನ್ನು ಅಲ್ಲಗಳೆಯಲಾಗದು. ದೇಶಾಭಿಮಾನದ ಕಾಲದಲ್ಲಿ ಹಳೆಯ ಹಾಡಿಗೆ ಬೇಡಿಕೆ ಏರುವುದು ಎಲ್ಲ ದೇಶಗಳಲ್ಲೂ ಕಂಡ ಸಂಗತಿ. ಆದರೆ ದಿವಾನಖಾನೆಗೆ ಬೇಕಾದದ್ದು ವೆಕೆರ್ಲಿನ್ ಅಚ್ಚು ಹಾಕಿಸಿದ ರಿಬ್ಬನ್ ಕಟ್ಟಿದ ಕುರಿಮರಿಯ ಹಾಡು. ಉಪ್ಪಿನ ತೊಟ್ಟಿಯ ಮಕ್ಕಳು, ಯೇಸುವಿನ ಶಿಲುಬೆಯ ನೋವನ್ನು ಗಾಯ ಗಾಯವಾಗಿ ಎಣಿಸುವ ಪಾಸಿಯೋನ್ ಹಾಡು, ಇವು ಚಹಾ ಹೀರುತ್ತ ಕೇಳುವ ಮಾಲಲ್ಲ. ಹಿಂದೆ ಕುಡುಕಿಯೊಬ್ಬಳ ಬೀದಿಬಾಳನ್ನು ಹಾಡಿ ಸಭೆಯ ಉಸಿರು ಹಿಡಿಸಿದ್ದ ಅದೇ ಬಿಗಿಯನ್ನು ಗಿಲ್ಬೇರ್ ಇವುಗಳಿಗೂ ತಂದರು. ಜೊತೆಗೆ ನ್ಯೂಯಾರ್ಕಿನಲ್ಲಿ ಅವರು ಬರೀ ಹಾಡಿಕೊಂಡಿರಲಿಲ್ಲ. 1918ರಲ್ಲಿ ಹಾಡನ್ನು ಹಾಡುವುದು ಹೇಗೆ ಎಂಬ ಪುಸ್ತಕವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಒಂದೊಂದು ಭಾವಕ್ಕೆ ಒಂದೊಂದು ಮುಖ ಮಾಡಿ ತೆಗೆಸಿಕೊಂಡ ತಮ್ಮ ಫೋಟೋಗಳನ್ನು ಅದರಲ್ಲಿ ಸೇರಿಸಿದರು. 1919ರಲ್ಲಿ 'ಗಿಬೂರ್' ಎಂಬ ಮಧ್ಯಯುಗದ ಪವಾಡ ನಾಟಕವನ್ನು ನೇಬರ್‌ಹುಡ್ ಪ್ಲೇಹೌಸ್‌ನಲ್ಲಿ ಆಡಿದರು. ಹುಡುಗಿಯರಿಗೆ ಪಾಠ ಹೇಳಿದರು. ಸ್ವರಸ್ಥಾನದ ಪಾಠ ಕೊಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದರು. ಪದದ ಮೇಲೆ ಬೆಳಕು ಬಿಡುವುದು, ನೆರಳು ಬೀಳಿಸುವುದು, ಚರಣ ಚರಣಕ್ಕೆ ದನಿಯ ಬಣ್ಣ ಬದಲಿಸುವುದು ಇವರ ಪಾಠ. ಕೆಫೆಯ ಗದ್ದಲದಲ್ಲಿ ತಾನಾಗಿ ಕಲಿತದ್ದನ್ನು ಹೇಳಿಕೊಡಬಹುದಾದ ಶಾಸ್ತ್ರವಾಗಿ ಮಾಡಿದರು. ಮರ್ಯಾದೆ ಗಳಿಸುವ ಆಸೆ ಇದರಲ್ಲಿ ಇರಲೂಬಹುದು. ಕಸುಬಿಗೆ ಪಾಠ ಕಟ್ಟುವವರೆಲ್ಲರಲ್ಲೂ ಆ ಆಸೆ ಇರುತ್ತದೆ.

ಗಿಲ್ಬೇರ್ ತಮ್ಮ ಕಲೆಗೆ ತಾವೇ ಕೊಟ್ಟ ವಿವರಣೆ ಮಾತ್ರ ಅಷ್ಟು ಗಟ್ಟಿಯಾದದ್ದಲ್ಲ. ಇದನ್ನು ಕೆಣಕಿದವರು ಸಿಗ್ಮಂಡ್ ಫ್ರಾಯ್ಡ್. 1889ರಲ್ಲಿ ಪ್ಯಾರಿಸ್ಸಿಗೆ ಬಂದಿದ್ದ ಫ್ರಾಯ್ಡ್, ತಮ್ಮ ಗುರು ಶಾರ್ಕೋ ಅವರ ಪತ್ನಿಯ ಸಲಹೆಯಂತೆ, ಇನ್ನೂ ಹೆಸರು ಮಾಡಿರದ ಈ ಗಾಯಕಿಯನ್ನು ಕೇಳಿದ್ದರು. ಮುಂದೆ ವಿಯೆನ್ನಾದಲ್ಲಿ ಆಕೆಯ ಕಚೇರಿಗಳಿಗೆ ಹೋಗುತ್ತಿದ್ದರು. ರುಜು ಮಾಡಿದ ಫೋಟೋ ಅವರ ಕೊಠಡಿಯ ಗೋಡೆಯಲ್ಲಿತ್ತು, ಇವತ್ತಿಗೂ ಲಂಡನ್ನಿನ ಫ್ರಾಯ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಹಾಡುವಾಗ ನಾನು ನನ್ನನ್ನು ಪೂರ್ತಿ ಬದಿಗೊತ್ತುತ್ತೇನೆ, ಆ ಖಾಲಿ ಜಾಗಕ್ಕೆ ಪಾತ್ರ ಬಂದು ಕೂರುತ್ತದೆ ಎಂಬುದು ಗಿಲ್ಬೇರ್ ನಂಬಿಕೆ. 1931ರಲ್ಲಿ ಆಕೆಯ ಪತಿ ಮ್ಯಾಕ್ಸ್ ಶಿಲ್ಲರ್ ಅವರಿಗೆ ಬರೆದ ಕಾಗದದಲ್ಲಿ ಫ್ರಾಯ್ಡ್ ಇದನ್ನು ಒಪ್ಪಲಿಲ್ಲ. ಎಲ್ಲ ನಟರೂ ಹೀಗೇ ಹೇಳುತ್ತಾರೆ, ಆದರೆ ಒಬ್ಬರಿಗೆ ಸಾಧಿಸಿದ್ದು ಇನ್ನೊಬ್ಬರಿಗೆ ಯಾಕೆ ಸಾಧಿಸುವುದಿಲ್ಲ ಎಂಬುದನ್ನು ಇದು ವಿವರಿಸದು. ತನ್ನೊಳಗೇ ಅದುಮಿಟ್ಟ, ಬೆಳೆಯಲು ಬಿಡದ ಆಸೆಗಳು, ಎಳವೆಯ ಅನುಭವಗಳು ಆ ಪಾತ್ರಗಳಿಗೆ ಜೀವ ತುಂಬುತ್ತಿರಬೇಕು ಎಂಬುದು ಅವರ ಮಾತಿನ ಸಾರ. ಗಂಡಹೆಂಡಿರಿಗೆ ಇದು ರುಚಿಸಲಿಲ್ಲ. ಇಬ್ಬರ ಜಗಳದಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ಅಗತ್ಯ ಇಲ್ಲಿಲ್ಲ. ಚರಿತ್ರೆಯ ದೃಷ್ಟಿಯಿಂದ ಒಂದು ಮಾತು ಮುಖ್ಯ: ಬರೆದವರು ಯಾರೆಂದೇ ಗೊತ್ತಿಲ್ಲದ ಹಾಡುಗಳನ್ನು ಹಾಡುವ ಒಬ್ಬಾಕೆಯ ಒಳಗೆ ಏನು ನಡೆಯುತ್ತದೆ ಎಂಬುದು ಆ ಕಾಲದ ಅತಿ ಚುರುಕಾದ ತಲೆಯೊಂದಕ್ಕೆ ಕೇಳಬೇಕಾದ ಪ್ರಶ್ನೆ ಅನ್ನಿಸಿತು. ಹಾಡಿನ ಕರ್ತೃತ್ವ ಸಾಹಿತ್ಯದ ಹಾಳೆಯಲ್ಲೇ ಮುಗಿದಿದ್ದರೆ ಈ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಹಾಗಾದರೆ ಇಂದು ಗಿಲ್ಬೇರ್ ಹೆಸರಿನ ಜೊತೆ ನೆನಪಾಗುವುದು ಕಪ್ಪು ಕೈಗವಸು ಮತ್ತು 'ಲ ಫಿಯಾಕ್ರ್' ಮಾತ್ರವೇ ಯಾಕೆ, ಮಧ್ಯಯುಗದ ಹಾಡುಗಳು ಯಾಕಲ್ಲ ಎಂದು ಕೇಳಬಹುದು. ಎರಡನೇ ಇನಿಂಗ್ಸ್ ಸೋತಿತು ಎನ್ನಲು ಇದೇ ಪುರಾವೆ ಅನ್ನಿಸಲೂಬಹುದು. ಕೈಗವಸಿನ ಮಹಿಮೆ ಲೊತ್ರೆಕ್ ಅವರದ್ದು. 1893ರ 'ದಿವಾನ್ ಜಾಪೊನೇ' ಪೋಸ್ಟರಿನಲ್ಲಿ ಅವರು ಗಾಯಕಿಯ ತಲೆಯನ್ನೇ ಚೌಕಟ್ಟಿನಿಂದ ಹೊರಗೆ ಬಿಟ್ಟು, ಕೈಗವಸಿನಿಂದಲೇ ಗುರುತು ಹಿಡಿಸಿದರು. ಅಗ್ಗಕ್ಕೆ ಸಿಗುತ್ತವೆಂದು ತೊಟ್ಟ ಕೈಗವಸು ಅದು. 'ಲ ಫಿಯಾಕ್ರ್' ವಿಷಯ ಬೇರೆ. 1890ರ ದಶಕದಲ್ಲಿ ಅದು ಆ ವಾರದ ಸರಕು, ಅಂಥ ನೂರಾರು ಹಾಡುಗಳು ಪ್ರತಿ ವರ್ಷ ಹುಟ್ಟಿ ಸಾಯುತ್ತಿದ್ದವು. ಎರಡನೇ ಇನಿಂಗ್ಸಿನ ಕೊನೆಗೆ, 1930ರ ದಶಕದಲ್ಲಿ, ಗಿಲ್ಬೇರ್ ತಮ್ಮ ಹಳೆಯ ಹಾಡುಗಳನ್ನು ಹೊಸ ವಿದ್ಯುತ್ ಮೈಕಿನ ಮುಂದೆ ಹಾಡಿ ರೆಕಾರ್ಡ್ ಮಾಡಿದರು. ಅಷ್ಟು ಹೊತ್ತಿಗೆ ಕುದುರೆಗಾಡಿಗಳೇ ಪ್ಯಾರಿಸ್ಸಿನಿಂದ ಮಾಯವಾಗಿದ್ದವು. ಪೊಂಪಾದೂರ್ ಕಾಲದ ಹಾಡಿಗೆ ಕೊಟ್ಟ ಗೌರವವನ್ನೇ ತನ್ನ ಯೌವನದ ಪೋಲಿ ಹಾಡಿಗೂ ಕೊಟ್ಟು, ಅದನ್ನು ಒಂದು ಕಾಲದ ದಾಖಲೆಯೆಂಬಂತೆ ಹಾಡಿದರು. 1939ರಲ್ಲಿ ಗಾಯಕ ಜಾನ್ ಸಾಬ್ಲೋನ್ ಅದನ್ನು ತಮ್ಮ ನಯವಾದ, ಜಾಜ್ ಬೆರೆತ ಧಾಟಿಯಲ್ಲಿ ರೆಕಾರ್ಡ್ ಮಾಡಿದಾಗ ಅದು ಹಳೆಯ ಪೀಳಿಗೆಯಿಂದ ಪಡೆದ ಆಸ್ತಿಯಾಗಿತ್ತು. ಕೆಫೆಯ ಹಾಡು ಕ್ಲಾಸಿಕ್ ಆದದ್ದು ಹಳೆಯ ಹಾಡುಗಳ ಮೇಲೆ ಪಳಗಿಸಿದ ಪದ್ಧತಿಯಿಂದ. ಗಿಲ್ಬೇರ್ ಅಷ್ಟರಲ್ಲಿ ಮುರ್ನಾವ್ ಅವರ 'ಫೌಸ್ಟ್' ಚಿತ್ರದಲ್ಲಿ ಮಾರ್ಥೆಯಾಗಿ ನಗಿಸಿದ್ದರು, 1932ರಲ್ಲಿ ಲೆಜಿಯೋನ್ ದೊನೋರ್ ಎಂಬ ಸರ್ಕಾರಿ ಗೌರವ ಪಡೆದಿದ್ದರು. ಪತಿ ಯೆಹೂದಿ, ಜರ್ಮನ್ನರು ಪ್ಯಾರಿಸ್ ಹಿಡಿದ ಮೇಲೆ ಬದುಕು ದಕ್ಷಿಣಕ್ಕೆ ಸರಿಯಿತು. 1944ರ ಫೆಬ್ರವರಿಯಲ್ಲಿ ಎಕ್ಸ್ ಆನ್ ಪ್ರೊವಾನ್ಸ್‌ನಲ್ಲಿ ತೀರಿಕೊಂಡರು.

ಹಾಡುವವರ ಪಾಲನ್ನು ಕಡಿಮೆ ಅಂದಾಜು ಮಾಡುವ ಅಭ್ಯಾಸಕ್ಕೆ ಕಾನೂನಿನ ಬೆಂಬಲವೂ ಇತ್ತು. 1847ರಲ್ಲಿ ಹಾಡು ಬರೆಯುತ್ತಿದ್ದ ಅರ್ನೆಸ್ಟ್ ಬೂರ್ಜೆ ಮತ್ತು ಗೆಳೆಯರು 'ಆಂಬಾಸಾದೂರ್' ಕೆಫೆಯಲ್ಲಿ ಕುಡಿದದ್ದಕ್ಕೆ ಹಣ ಕೊಡಲು ಒಪ್ಪಲಿಲ್ಲ: ನೀವು ನಮ್ಮ ಹಾಡನ್ನು ಪುಕ್ಕಟೆ ಹಾಡಿಸುತ್ತೀರಿ, ನಾವು ನಿಮ್ಮ ಸಕ್ಕರೆ ನೀರನ್ನು ಪುಕ್ಕಟೆ ಕುಡಿಯುತ್ತೇವೆ ಎಂಬ ಲೆಕ್ಕ. ಕೋರ್ಟು ಅವರ ಪರ ನಿಂತಿತು; 1851ಕ್ಕೆ ಸಾಸೆಮ್ ಎಂಬ ಸಂಘ ಹುಟ್ಟಿ, ಬರೆದವರಿಗೆ, ಮಟ್ಟು ಹಾಕಿದವರಿಗೆ, ಪ್ರಕಾಶಕರಿಗೆ ಪ್ರತಿ ಪ್ರದರ್ಶನದ ಪಾಲು ಬರತೊಡಗಿತು. ನ್ಯಾಯವಾದ ಗೆಲುವು. ಆದರೆ ಮಾರುಕಟ್ಟೆಗೆ ಬೇರೆಯೇ ಸತ್ಯ ಗೊತ್ತಿತ್ತು. ಆ ಕಾಲದ ಬಿಡಿ ಹಾಡಿನ ಹಾಳೆಗಳ ಮುಖಪುಟದಲ್ಲಿ ಎದ್ದು ಕಾಣುವುದು ಹಾಡಿದವರ ಚಿತ್ರ, ಹಾಡಿದವರ ಹೆಸರು. ಕೊಳ್ಳುವವರು ಅದನ್ನು ನೋಡಿಯೇ ಕೊಳ್ಳುತ್ತಿದ್ದರು. ಹಾಡಿದವರಿಗೆ ತಮ್ಮ ಹಾಡುಗಾರಿಕೆಯ ಮೇಲೆ ಕಾನೂನಿನ ಹಕ್ಕು ಎಂದು ಫ್ರಾನ್ಸಿನಲ್ಲಿ ಸಿಕ್ಕಿದ್ದು 1985ರ ಜುಲೈ 3ರ ಕಾಯ್ದೆಯಿಂದ, ಬರೆದವರಿಗೆ ಸಿಕ್ಕಿ ಒಂದು ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ.

ಕೊನೆಯ ಆಕ್ಷೇಪ ಕಾಲದ್ದು. ಎರಡನೇ ಮಹಾಯುದ್ಧದ ನಂತರ ಬ್ರಾಸಾನ್ಸ್, ಬ್ರೆಲ್, ಫೆರೆ ಬಂದರು. ತಾವೇ ಬರೆದು, ತಾವೇ ಮಟ್ಟು ಹಾಕಿ, ತಾವೇ ಹಾಡಿದರು. ಬೇರೆಯವರ ಹಾಡು ಹಾಡುವವರ ಕಾಲ ಅಲ್ಲಿಗೆ ಮುಗಿಯಿತು ಎನ್ನುತ್ತಾರೆ. ಜೂಲಿಯೆಟ್ ಗ್ರೆಕೋ ಒಬ್ಬರೇ ಈ ಮಾತಿಗೆ ಸಾಕಷ್ಟು ಉತ್ತರ: ಕೆನೋ, ಪ್ರೆವೇರ್ ಅವರ ಕವಿತೆಗಳಿಂದ ಶುರುಮಾಡಿ, ಕಪ್ಪುಡುಗೆಯಲ್ಲಿ ನಿಂತು, ಬೇರೆಯವರ ಮಾತನ್ನೇ ಅರವತ್ತಕ್ಕೂ ಹೆಚ್ಚು ವರ್ಷ ಹಾಡಿದರು. ಇನ್ನೂ ಸೂಕ್ಷ್ಮವಾದ ಉತ್ತರ ಬಾರ್ಬಾರಾ ಅವರಲ್ಲಿದೆ, ಏಕೆಂದರೆ ಅವರು ಎದುರು ಪಾಳಯಕ್ಕೆ ಸೇರಿದವರು, ತಾವೇ ಬರೆದು ಹಾಡಿ ಹೆಸರಾದವರು. 1950ರ ದಶಕದಲ್ಲಿ ಪ್ಯಾರಿಸ್ಸಿನ 'ಲೆಕ್ಲ್ಯೂಜ್' ಎಂಬ ಪುಟ್ಟ ಕ್ಯಾಬರೆಯಲ್ಲಿ ಅವರು ಹಾಡುತ್ತಿದ್ದದ್ದು 1900ರ ಆಸುಪಾಸಿನ ಹಾಡುಗಳನ್ನು, ಗಿಲ್ಬೇರ್ ಅವರ ಸಂಗ್ರಹದಲ್ಲಿದ್ದವನ್ನೂ ಸೇರಿಸಿ. ಆಮೇಲೆ 1960ರಲ್ಲಿ ಬ್ರಾಸಾನ್ಸ್ ಹಾಡುಗಳದ್ದೊಂದು ರೆಕಾರ್ಡ್, 1961ರಲ್ಲಿ ಬ್ರೆಲ್ ಹಾಡುಗಳದ್ದೊಂದು. ಆ ಇಬ್ಬರೂ ಆಗ ಬದುಕಿದ್ದರು, ತಮ್ಮ ಹಾಡನ್ನು ತಾವೇ ಚೆನ್ನಾಗಿ ಹಾಡುತ್ತಲೂ ಇದ್ದರು; ಆದರೂ ಇನ್ನೊಬ್ಬಳ ಬಾಯಲ್ಲಿ ಆ ಹಾಡುಗಳು ನಿಲ್ಲುತ್ತವೆಯೇ ಎಂಬ ಪರೀಕ್ಷೆಯನ್ನು ಬಾರ್ಬಾರಾ ಮಾಡಿದರು, ನಿಂತವು. ಅವರ ಸ್ವಂತ ಹಾಡುಗಳು ಮುಂದೆ ಬಂದದ್ದು ಇಷ್ಟೆಲ್ಲ ಆದ ಮೇಲೆ. 1997ರಲ್ಲಿ ಅವರು ತೀರಿಕೊಂಡರು. 2017ರಲ್ಲಿ ನಟ ಜೆರಾರ್ ದೆಪಾರ್ಡಿಯೂ, ಬಾರ್ಬಾರಾ ಅವರಿಗೇ ಪಿಯಾನೊ ನುಡಿಸುತ್ತಿದ್ದ ಜೆರಾರ್ ದಗೇರ್ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು, ಆ ಹಾಡುಗಳಿಂದಲೇ ಒಂದು ಇಡೀ ಸಂಜೆಯನ್ನು ನಡೆಸಿಕೊಟ್ಟರು. ದೆಪಾರ್ಡಿಯೂ ಕಸುಬಿನ ಗಾಯಕರಲ್ಲ. ಅರ್ಧ ಹಾಡಿದರು, ಅರ್ಧ ಆಡಿದರು.